ಮಾತೃಭಾಷೆ ದೀನಿಗೆ ಅಡ್ಡಿಯೇ? ಡಾ. ಶಹೀದುಲ್ಲಾ ಬದುಕಿನಲ್ಲಿ ಉತ್ತರ ಉಂಟು

ಇತ್ತೀಚೆಗೆ ಒಂದು ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಟೇಬಲ್‌ನಲ್ಲಿ ಐದಾರು ವರ್ಷದ ಒಬ್ಬ ಹುಡುಗ. ಅವನ ಅಜ್ಜಿ ಬ್ಯಾರಿಯಲ್ಲಿ ಏನೋ ಕೇಳಿದರು. ಹುಡುಗ ಮುಖ ಮುಖ ನೋಡಿದ. ತಾಯಿ ನಗುತ್ತಾ, "ಅವನಿಗೆ ಬ್ಯಾರಿ ಬರೂದಿಲ್ಲ, ನಾವು ಮನೆಯಲ್ಲಿ ಇಂಗ್ಲಿಷ್, ಸ್ವಲ್ಪ ಉರ್ದು" ಎಂದರು. ಹೇಳಿದ ಧಾಟಿಯಲ್ಲಿ ಬೇಸರ ಇರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ನಾನು ಸುಮ್ಮನಿರಲಾರದೆ ಹುಡುಗನ ತಂದೆಯ ಹತ್ತಿರ, "ಯಾಕೆ ಹಾಗೆ?" ಎಂದು ಕೇಳಿದೆ. ಆತ ಮರ್ಯಾದೆಯಿಂದಲೇ ಹೇಳಿದ: "ಕಾಕ, ಬ್ಯಾರಿಯಲ್ಲಿ ಎಂತ ಉಂಟು? ಉರ್ದು ಕಲಿತರೆ ನಾಳೆ ದೀನಿನ ಕಿತಾಬು ಆದರೂ ಓದಬಹುದು."

ಆ ಮಾತು ಮನೆಗೆ ಬಂದ ಮೇಲೂ ತಲೆಯಲ್ಲಿ ಉಳಿಯಿತು. ಆತ ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಮಗನಿಗೆ ದೀನ್ ಬೇಕು ಎಂದೇ ಹೇಳಿದ್ದು. ಆದರೆ ಮನೆಮಾತನ್ನು ಬಿಟ್ಟರೆ ದೀನಿಗೆ ಹತ್ತಿರವಾಗುತ್ತೇವೆ ಎಂಬ ಲೆಕ್ಕ ಸರಿಯೇ? ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲು, ನಮಗಿಂತ ನೂರು ಪಟ್ಟು ದೊಡ್ಡ ಮಟ್ಟದಲ್ಲಿ ಎದುರಿಸಿದವರು ಬಂಗಾಳದ ಮುಸ್ಲಿಮರು. ಅದಕ್ಕೆ ತನ್ನ ಇಡೀ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬ ಆಲಿಮ್ ಅಲ್ಲಿದ್ದರು. ಅವರೇ ಡಾ. ಮುಹಮ್ಮದ್ ಶಹೀದುಲ್ಲಾ.

ಫೆಬ್ರವರಿ 21 ಅಂತಾರಾಷ್ಟ್ರೀಯ ಮಾತೃಭಾಷಾ ದಿನ ಎಂದು ನಮಗೆಲ್ಲ ಗೊತ್ತು. ವಾಟ್ಸ್ಆ್ಯಪ್‌ನಲ್ಲಿ ಶುಭಾಶಯ ಬರುತ್ತದೆ, ನಾವೂ ಮುಂದೆ ಕಳಿಸುತ್ತೇವೆ. ಆ ದಿನದ ಹಿಂದೆ ಇರುವ ಹೆಸರುಗಳನ್ನು ಓದಿದವರು ಕಡಿಮೆ. ಅಬುಲ್ ಬರಕತ್, ಅಬ್ದುಸ್ಸಲಾಮ್, ರಫೀಕುದ್ದೀನ್, ಅಬ್ದುಲ್ ಜಬ್ಬಾರ್, ಶಫೀಉರ‍್ರಹ್ಮಾನ್. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಯ ಹಕ್ಕಿಗಾಗಿ ಪೊಲೀಸರ ಗುಂಡಿಗೆ ಜೀವ ಕೊಟ್ಟವರು ಇವರು. ಭಾಷೆ ಮುಸ್ಲಿಮರ ವಿಷಯವೇ ಅಲ್ಲ ಎನ್ನುವವರು ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಆ ಚಳವಳಿಗೆ ಐದು ವರ್ಷ ಮೊದಲೇ ಅದರ ವಾದವನ್ನು ಬರೆದಿಟ್ಟವರಲ್ಲಿ ಶಹೀದುಲ್ಲಾ ಮುಂಚೂಣಿಯವರು.

ಶಹೀದುಲ್ಲಾ ಹುಟ್ಟಿದ್ದು 1885ರ ಜುಲೈ 10ರಂದು, ಈಗಿನ ಪಶ್ಚಿಮ ಬಂಗಾಳದ ಉತ್ತರ 24 ಪರಗಣ ಜಿಲ್ಲೆಯ ಪೇಯಾರಾ ಎಂಬ ಹಳ್ಳಿಯಲ್ಲಿ. ಮನೆತನ ಪೀರ್ ಗೋರಾಚಾಂದ್ ದರ್ಗಾದ ಖಾದಿಮರದ್ದು. ಅಂದರೆ ಹುಟ್ಟಿನಿಂದಲೇ ದೀನಿನ ಪರಿಸರ. ಆದರೆ ಹುಡುಗನ ಮನಸ್ಸು ಎಳೆದದ್ದು ಭಾಷೆಗಳ ಕಡೆಗೆ. ಅರಬಿ, ಪಾರ್ಸಿ, ಉರ್ದು ಮಾತ್ರವಲ್ಲ, ಸಂಸ್ಕೃತವೂ ಬೇಕು ಎಂದು ಹಠ ಹಿಡಿದರು. 1910ರಲ್ಲಿ ಕಲ್ಕತ್ತಾದ ಸಿಟಿ ಕಾಲೇಜಿನಿಂದ ಸಂಸ್ಕೃತ ಆನರ್ಸ್‌ನೊಂದಿಗೆ ಬಿ.ಎ. ಮುಗಿಸಿದರು. ಅಲ್ಲಿ ಆ ಪದವಿ ಪಡೆದ ಮೊದಲ ಮುಸ್ಲಿಂ ವಿದ್ಯಾರ್ಥಿ ಅವರು.

ಮುಂದೆ ಎಂ.ಎ. ಕೂಡ ಸಂಸ್ಕೃತದಲ್ಲೇ ಮಾಡಬೇಕೆಂದು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ವೇದ ಪಾಠ ಮಾಡಬೇಕಿದ್ದ ಪಂಡಿತ ಸತ್ಯವ್ರತ ಸಾಮಶ್ರಮಿಯವರು, ಮುಸ್ಲಿಮನಿಗೆ ವೇದ ಕಲಿಸಲಾರೆ ಎಂದುಬಿಟ್ಟರು. ವಿಷಯ ದೊಡ್ಡದಾಯಿತು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಆಗ ಕುಲಪತಿಯಾಗಿದ್ದವರು ಸರ್ ಆಶುತೋಷ್ ಮುಖರ್ಜಿ. ಅವರು ಈ ಹುಡುಗನನ್ನು ಕೈಬಿಡಲಿಲ್ಲ. ತೌಲನಿಕ ಭಾಷಾಶಾಸ್ತ್ರದಲ್ಲಿ ಓದುವ ವ್ಯವಸ್ಥೆ ಮಾಡಿಕೊಟ್ಟರು. 1912ರಲ್ಲಿ ಶಹೀದುಲ್ಲಾ ಆ ವಿಷಯದಲ್ಲಿ ಎಂ.ಎ. ಆದರು.

ಈ ಪ್ರಸಂಗದ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ತರಗತಿಯ ಬಾಗಿಲು ಮುಖದ ಮೇಲೆ ಮುಚ್ಚಿದಾಗ ಆಗುವ ನೋವು ನಮಗೆ ಹೊಸದಲ್ಲ. 2022ರಲ್ಲಿ ಕರಾವಳಿಯ ಕಾಲೇಜುಗಳ ಗೇಟಿನ ಹೊರಗೆ ನಿಂತ ನಮ್ಮ ಹೆಣ್ಣುಮಕ್ಕಳ ಮುಖ ಇನ್ನೂ ಕಣ್ಣಮುಂದೆ ಉಂಟು. ಅಂಥ ಅವಮಾನ ಆದಾಗ ಮನುಷ್ಯ ಸಹಜವಾಗಿ, "ನಿಮ್ಮ ವಿದ್ಯೆ ನಿಮಗೇ ಇರಲಿ" ಎಂದು ಎದ್ದು ಹೋಗುತ್ತಾನೆ. ಶಹೀದುಲ್ಲಾ ಹೋಗಲಿಲ್ಲ. ಒಬ್ಬ ಪಂಡಿತರ ನಿರಾಕರಣೆಯನ್ನು ಇಡೀ ಸಂಸ್ಕೃತದ ಮೇಲೆ, ಇಡೀ ಹಿಂದೂ ಸಮಾಜದ ಮೇಲೆ ಹೊರಿಸಲಿಲ್ಲ. ಬಾಗಿಲು ಮುಚ್ಚಿದ್ದು ಒಬ್ಬರಾದರೆ ಇನ್ನೊಂದು ಬಾಗಿಲು ತೆರೆದದ್ದು ಆಶುತೋಷ್ ಮುಖರ್ಜಿ. ಮುಂದೆ ಸಂಶೋಧನಾ ಸಹಾಯಕನಾಗಿ ತೆಗೆದುಕೊಂಡದ್ದು ದಿನೇಶ್ ಚಂದ್ರ ಸೇನ್. 1921ರಲ್ಲಿ ಢಾಕಾ ವಿಶ್ವವಿದ್ಯಾನಿಲಯ ಶುರುವಾದಾಗ ಸಂಸ್ಕೃತ-ಬಂಗಾಳಿ ವಿಭಾಗದ ಮುಖ್ಯಸ್ಥರಾಗಿದ್ದ ಹರಪ್ರಸಾದ ಶಾಸ್ತ್ರಿಗಳ ಜೊತೆ ಉಪನ್ಯಾಸಕರಾಗಿ ಸೇರಿದ್ದೂ ಇದೇ ಶಹೀದುಲ್ಲಾ.

ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. 1926ರಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ, ಅವರು ಪ್ಯಾರಿಸ್‌ಗೆ ಹೋದರು. ಸೋರ್ಬೋನ್‌ನಲ್ಲಿ ವೈದಿಕ ಭಾಷೆ, ಬೌದ್ಧ ಸಂಸ್ಕೃತ, ಟಿಬೆಟನ್, ಹಳೆಯ ಪರ್ಷಿಯನ್ ಕಲಿತರು. ಕಲ್ಕತ್ತಾದಲ್ಲಿ ಸಿಗದ ವೇದ ಪಾಠ ಪ್ಯಾರಿಸ್‌ನಲ್ಲಿ ಸಿಕ್ಕಿತು! 1928ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಕಾಣ್ಹ ಮತ್ತು ಸರಹ ಎಂಬ ಬೌದ್ಧ ಸಿದ್ಧರ ಅನುಭಾವದ ಹಾಡುಗಳು. ಐದು ಹೊತ್ತು ನಮಾಝ್ ಮಾಡುವ, ಗಡ್ಡ-ಟೋಪಿಯ ಒಬ್ಬ ಮುಸ್ಲಿಂ ಬೌದ್ಧರ ಹಾಡಿನ ಮೇಲೆ ಫ್ರೆಂಚ್ ಭಾಷೆಯಲ್ಲಿ ಪ್ರಬಂಧ ಬರೆದು ಬಂದರು. ಅದರಿಂದ ಅವರ ಈಮಾನ್‌ಗೆ ಏನೂ ಕಡಿಮೆಯಾಗಲಿಲ್ಲ.

ಏಕೆಂದರೆ ದೀನಿನ ವಿಷಯದಲ್ಲಿ ಅವರ ಬೇರು ಗಟ್ಟಿ ಇತ್ತು. ಹೂಗ್ಲಿ ಜಿಲ್ಲೆಯ ಫುರ್ಫುರಾ ಶರೀಫ್‌ನ ಪೀರ್ ಅಬೂಬಕರ್ ಸಿದ್ದೀಕಿಯವರ ಮುರೀದ್ ಅವರು. ಈ ಪೀರ್ ಸಾಹೇಬರು ಅಂಧಾಚಾರಗಳ ವಿರುದ್ಧ ಮಾತನಾಡಿದ ಸುಧಾರಕರು, ಊರೂರಲ್ಲಿ ಮದ್ರಸ ಮತ್ತು ಶಾಲೆಗಳನ್ನು ಕಟ್ಟಿಸಿದವರು, ಮುಸ್ಲಿಮರು ನಡೆಸುವ ಬಂಗಾಳಿ ಪತ್ರಿಕೆಗಳಿಗೆ ಬೆಂಬಲ ಕೊಟ್ಟವರು. ಗುರುವಿನ ಈ ದಾರಿಯಲ್ಲೇ ಶಿಷ್ಯರು ನಡೆದರು. ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರ ಹೇಳುವ ಪ್ರೊಫೆಸರ್ ಹಳ್ಳಿಯ ಸಭೆಗಳಿಗೆ ಹೋಗಿ ಜನರ ಬಂಗಾಳಿಯಲ್ಲೇ ಮತಪ್ರವಚನ ಮಾಡುತ್ತಿದ್ದರು.

ಅವರ ಸುಧಾರಣೆ ಎಂದರೆ ಘೋಷಣೆ ಕೂಗಿದ್ದಲ್ಲ, ಬರೆದು ಮುಟ್ಟಿಸಿದ್ದು. 1911ರಲ್ಲಿ ಹುಟ್ಟಿದ ಬಂಗೀಯ ಮುಸಲ್ಮಾನ್ ಸಾಹಿತ್ಯ ಸಮಿತಿಗೆ ಅವರೇ ಕಾರ್ಯದರ್ಶಿ. ಆ ಸಮಿತಿಯ ಪತ್ರಿಕೆಗೂ ಸಂಪಾದಕರಾದರು. ಸೈನ್ಯದಿಂದ ಮರಳಿ ಬಂದ ಯುವಕವಿ ಕಾಝಿ ನಝ್ರುಲ್ ಇಸ್ಲಾಂ 1920ರಲ್ಲಿ ಕಲ್ಕತ್ತಾದ ಕಾಲೇಜ್ ಸ್ಟ್ರೀಟ್‌ನಲ್ಲಿದ್ದ ಇದೇ ಸಮಿತಿಯ ಕಚೇರಿಯಲ್ಲಿ ಉಳಿದುಕೊಂಡಿದ್ದರು. ಅದೇ ವರ್ಷ ಶಹೀದುಲ್ಲಾ ಮಕ್ಕಳಿಗಾಗಿ 'ಆಂಗುರ್' ಎಂಬ ಮಾಸಿಕ ಆರಂಭಿಸಿದರು. ಆಂಗುರ್ ಎಂದರೆ ದ್ರಾಕ್ಷಿ. ಮುಂದೆ ಹಾಫಿಝ್ ಮತ್ತು ಉಮರ್ ಖಯ್ಯಾಮರನ್ನು ಬಂಗಾಳಿಗೆ ತಂದರು. 1942ರಲ್ಲಿ ಇಕ್ಬಾಲರ 'ಶಿಕ್ವಾ' ಮತ್ತು 'ಜವಾಬೆ ಶಿಕ್ವಾ'ಗಳನ್ನು ಅನುವಾದಿಸಿದರು. ಕುರ್‌ಆನಿನ ಭಾಗಗಳನ್ನು ಅನುವಾದಿಸಿದರು. ಮಕ್ಕಳಿಗಾಗಿ ಪ್ರವಾದಿಯವರ (ಸ) ಚರಿತ್ರೆ ಬರೆದರು. ಮನೆಮಾತಿನಲ್ಲಿ ಅರ್ಥವಾದರೆ ಮಾತ್ರ ದೀನ್ ಮಕ್ಕಳ ಒಳಗೆ ಇಳಿಯುತ್ತದೆ ಎಂಬುದು ಈ ಕೆಲಸಗಳೆಲ್ಲ ಹೇಳುವ ಮಾತು.

ಇದು ಆಗಿನ ಬಂಗಾಳದಲ್ಲಿ ಸುಲಭದ ಮಾತಾಗಿರಲಿಲ್ಲ. ಅಲ್ಲಿನ ಮೇಲ್ವರ್ಗದ ಮುಸ್ಲಿಮರಿಗೆ ಬಂಗಾಳಿ ಎಂದರೆ ಹಿಂದೂಗಳ ಭಾಷೆ, ಹಳ್ಳಿಗರ ಭಾಷೆ. ಉರ್ದು ಮಾತಾಡಿದವನು ಶರೀಫ್, ಬಂಗಾಳಿ ಮಾತಾಡಿದವನು ರೈತ. ಈ ಕೀಳರಿಮೆ ಬಹಳ ಹಳೆಯದು. 17ನೇ ಶತಮಾನದಲ್ಲೇ ಅಬ್ದುಲ್ ಹಕೀಮ್ ಎಂಬ ಕವಿ, ಬಂಗಾಳದಲ್ಲಿ ಹುಟ್ಟಿ ಬಂಗಾಳಿಯನ್ನು ಹೀಗಳೆಯುವವರಿಗೆ ಚೆನ್ನಾಗಿ ಬೈದು ಬರೆದಿದ್ದಾರೆ. ಆಲಿಮರು ಬಂಗಾಳಿ ಕಡೆ ತಿರುಗಿ ನೋಡದ ಕಾಲದಲ್ಲಿ ಏನಾಯಿತು ಗೊತ್ತಾ? ಬಂಗಾಳಿಯಲ್ಲಿ ಕುರ್‌ಆನಿನ ಮೊದಲ ಪೂರ್ಣ ಅನುವಾದವನ್ನು ಮಾಡಿದ್ದು ಒಬ್ಬ ಬ್ರಹ್ಮಸಮಾಜದವರು. ಗಿರೀಶ್ ಚಂದ್ರ ಸೇನ್ ಎಂಬ ಆ ಸಜ್ಜನರು 1881ರಿಂದ 1886ರವರೆಗೆ ಅದನ್ನು ಬಿಡಿಬಿಡಿಯಾಗಿ ಹೊರತಂದರು. ಅವರ ಶ್ರಮಕ್ಕೆ ಕೃತಜ್ಞತೆ ಇರಲಿ. ಆದರೆ ಕೋಟಿಗಟ್ಟಲೆ ಮುಸ್ಲಿಮರ ಮಾತೃಭಾಷೆಯಲ್ಲಿ ಆ ಕೆಲಸಕ್ಕೆ ಅಷ್ಟು ತಡವಾದದ್ದು ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು 1947ಕ್ಕೆ ಬರೋಣ. ಪಾಕಿಸ್ತಾನ ಹುಟ್ಟುವ ಕೆಲವೇ ವಾರಗಳ ಮೊದಲು ಅಲಿಗಢ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಝಿಯಾವುದ್ದೀನ್ ಅಹ್ಮದ್, ಹೊಸ ದೇಶಕ್ಕೆ ಉರ್ದುವೇ ರಾಜ್ಯಭಾಷೆಯಾಗಬೇಕು ಎಂದರು. ಶಹೀದುಲ್ಲಾ ಆಗ 62ರ ಹಿರಿಯರು, ಬೊಗ್ರಾದಲ್ಲಿ ಕಾಲೇಜು ಪ್ರಾಂಶುಪಾಲರು. ಜುಲೈ 29ರ 'ಆಝಾದ್' ಪತ್ರಿಕೆಯಲ್ಲಿ ಪಾಕಿಸ್ತಾನದ ಭಾಷಾ ಸಮಸ್ಯೆ ಎಂಬ ಲೇಖನ ಬರೆದು ನೇರವಾಗಿ ಉತ್ತರಿಸಿದರು. ಹೊಸ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಾತು ಬಂಗಾಳಿ. ಇಂಗ್ಲಿಷ್ ಪರದೇಶದ್ದು ಎಂದು ಬಿಡುವುದಾದರೆ ಬಂಗಾಳಿಯನ್ನು ಒಪ್ಪದಿರಲು ಕಾರಣವೇ ಇಲ್ಲ. ಎರಡನೆಯ ರಾಜ್ಯಭಾಷೆ ಬೇಕೆಂದರೆ ಉರ್ದುವನ್ನು ಪರಿಗಣಿಸಬಹುದು. ಆದರೆ ಬಂಗಾಳದ ಕೋರ್ಟಿನಲ್ಲಿ, ವಿಶ್ವವಿದ್ಯಾನಿಲಯದಲ್ಲಿ ಬಂಗಾಳಿಯ ಬದಲು ಬೇರೆ ಭಾಷೆ ತಂದು ಕೂರಿಸಿದರೆ ಅದು ರಾಜಕೀಯ ಗುಲಾಮಗಿರಿಯೇ ಸರಿ. ಇದು ಅವರ ವಾದದ ಸಾರ.

ಗಮನಿಸಿ, ಇದನ್ನು ಬರೆದವರು ಉರ್ದುವಿನ ವೈರಿಯಲ್ಲ. ಐದು ವರ್ಷ ಮೊದಲು ಇಕ್ಬಾಲರನ್ನು ಪ್ರೀತಿಯಿಂದ ಅನುವಾದಿಸಿದವರು. ಅರಬಿಯನ್ನು ಪ್ರತಿ ಮುಸ್ಲಿಮನೂ ಕಲಿಯಬೇಕು ಎಂದು ಬಯಸಿದವರು. ಒಂದು ಭಾಷೆಯನ್ನು ಕಲಿಯುವುದು ಬೇರೆ, ಅದಕ್ಕಾಗಿ ತನ್ನ ಭಾಷೆಯನ್ನು ಬಿಟ್ಟುಕೊಡುವುದು ಬೇರೆ. ಈ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮದುವೆ ಹಾಲ್‌ನ ಆ ಯುವಕನಿಗೆ, ಅವನಂಥ ಬಹಳ ಮಂದಿಗೆ, ಗೊತ್ತಾಗದೆ ಹೋಗಿರುವುದು ಇಷ್ಟೇ.

1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಬಂದು ಉರ್ದು ಒಂದೇ ರಾಜ್ಯಭಾಷೆ ಎಂದು ಸಾರಿ ಹೋದರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಢಾಕಾದಲ್ಲಿ ಪೂರ್ವ ಪಾಕಿಸ್ತಾನ ಸಾಹಿತ್ಯ ಸಮ್ಮೇಳನ. ಶಹೀದುಲ್ಲಾ ಅಧ್ಯಕ್ಷರು. ನಾವು ಹಿಂದೂಗಳು, ಮುಸ್ಲಿಮರು ಎಂಬುದು ಎಷ್ಟು ಸತ್ಯವೋ ಅದಕ್ಕಿಂತ ದೊಡ್ಡ ಸತ್ಯ ನಾವು ಬಂಗಾಳಿಗಳು ಎಂಬುದು, ಇದು ಆದರ್ಶವಲ್ಲ ವಾಸ್ತವ ಎಂದರು. ಪ್ರಕೃತಿ ನಮ್ಮ ಮುಖದ ಮೇಲೆ, ನಾಲಗೆಯ ಮೇಲೆ ಹಾಕಿದ ಆ ಗುರುತನ್ನು ತಿಲಕವಾಗಲಿ ಟೋಪಿ-ಗಡ್ಡವಾಗಲಿ ಮುಚ್ಚಲಾರದು ಎಂಬ ಅರ್ಥದ ಮಾತನ್ನೂ ಸೇರಿಸಿದರು. ಹೇಳಿದವರ ತಲೆಯಲ್ಲಿ ಟೋಪಿ ಇತ್ತು, ಮುಖದಲ್ಲಿ ಗಡ್ಡ ಇತ್ತು. ಆ ಮಾತಿಗೆ ಟೀಕೆಯೂ ತೀವ್ರವಾಗಿಯೇ ಬಂತು. ಅವರು ಅಲುಗಾಡಲಿಲ್ಲ.

ನಂತರ ಇನ್ನೊಂದು ಸಲಹೆ ಬಂತು. ಬಂಗಾಳಿ ಇರಲಿ, ಆದರೆ ಅದನ್ನು ಅರಬಿ ಲಿಪಿಯಲ್ಲಿ ಬರೆಯೋಣ ಎಂದು ಕೇಂದ್ರದ ಶಿಕ್ಷಣ ಸಚಿವ ಫಝ್ಲುರ‍್ರಹ್ಮಾನ್ ಹೊರಟರು. ಕುರ್‌ಆನಿನ ಲಿಪಿ ಎಂದ ಮೇಲೆ ಯಾರು ಬೇಡ ಎನ್ನುತ್ತಾರೆ? ಶಹೀದುಲ್ಲಾ ಬೇಡ ಎಂದರು. ಅರಬಿ ಬಲ್ಲವರಾಗಿಯೇ ಬೇಡ ಎಂದರು. ಶತಮಾನಗಳ ಸಾಹಿತ್ಯ ಒಂದು ಲಿಪಿಯಲ್ಲಿ ಇರುವಾಗ ಅದನ್ನು ಬದಲಿಸಿದರೆ ಮುಂದಿನ ತಲೆಮಾರಿಗೆ ಹಿಂದಿನವರ ಬರಹ ಓದಲು ಬರುವುದಿಲ್ಲ. ಕೊನೆಗೆ ಆ ಯೋಜನೆ ನಿಂತುಹೋಯಿತು. 1952ರ ಬಲಿದಾನದ ನಂತರ 1956ರ ಸಂವಿಧಾನದಲ್ಲಿ ಉರ್ದುವಿನ ಜೊತೆ ಬಂಗಾಳಿಯೂ ರಾಜ್ಯಭಾಷೆಯಾಯಿತು.

ಅವರ ಕೊನೆಯ ವರ್ಷಗಳ ಎರಡು ಕೆಲಸ ನನಗೆ ಬಹಳ ಇಷ್ಟ. ಒಂದು, ಪೂರ್ವ ಬಂಗಾಳದ ಹಳ್ಳಿಹಳ್ಳಿಯ ಆಡುಮಾತಿನ ನಿಘಂಟು. ಇವರ ಪ್ರಧಾನ ಸಂಪಾದಕತ್ವದಲ್ಲಿ ಢಾಕಾದ ಬಾಂಗ್ಲಾ ಅಕಾಡೆಮಿ ಅದನ್ನು 1965ರ ಹೊತ್ತಿಗೆ ಹೊರತಂದಿತು. ಪುಸ್ತಕದ ಬಂಗಾಳಿಯಲ್ಲಿ ಜಾಗ ಸಿಗದ ಅಂಬಿಗರ, ರೈತರ, ಅಜ್ಜಿಯಂದಿರ ಮಾತುಗಳಿಗೆ ಅಲ್ಲಿ ಜಾಗ ಸಿಕ್ಕಿತು. ಇನ್ನೊಂದು, ಬಂಗಾಳಿ ಪಂಚಾಂಗದ ಸುಧಾರಣೆ. 1963ರಲ್ಲಿ ನೇಮಿಸಿದ ಸಮಿತಿಗೆ ಅವರೇ ಮುಖ್ಯಸ್ಥರು. ವರ್ಷದ ಮೊದಲ ಐದು ತಿಂಗಳಿಗೆ 31 ದಿನ, ಉಳಿದ ಏಳಕ್ಕೆ 30 ದಿನ ಎಂದು ಸರಳ ಮಾಡಿದರು. ಇಬಾದತ್ತಿಗೆ ಹಿಜ್ರಿ ಪಂಚಾಂಗ ಇತ್ತು. ಬಿತ್ತನೆ, ಕೊಯ್ಲು, ತೀರ್ವೆ ಕಟ್ಟುವ ರೈತನಿಗೆ ಬಂಗಾಳಿ ಪಂಚಾಂಗ ಬೇಕಿತ್ತು. ಎರಡರ ನಡುವೆ ಅವರಿಗೆ ಜಗಳ ಕಾಣಲಿಲ್ಲ.

1969ರ ಜುಲೈ 13ರಂದು ಅವರು ತೀರಿಕೊಂಡರು. ಬಾಂಗ್ಲಾದೇಶ ಹುಟ್ಟುವುದನ್ನು ನೋಡಲಿಲ್ಲ. ಢಾಕಾ ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ಅವರ ಕಬರ್ ಇದೆ. ಪಕ್ಕದ ವಿದ್ಯಾರ್ಥಿ ನಿಲಯಕ್ಕೆ ಅವರ ಹೆಸರು ಇದೆ.

ಈಗ ನಮ್ಮ ಊರಿಗೆ ಬರೋಣ. ಬಂಗಾಳಿಗೂ ಬ್ಯಾರಿಗೂ ಹೋಲಿಕೆ ಎಲ್ಲಿಂದ ಎಲ್ಲಿಗೆ ಎಂದು ಕೆಲವರು ಕೇಳಬಹುದು. ಸರಿ, ಬಂಗಾಳಿ ಕೋಟಿಗಟ್ಟಲೆ ಜನರ ಭಾಷೆ, ಬ್ಯಾರಿ ಕರಾವಳಿಯ ಒಂದು ಸಮುದಾಯದ ಮನೆಮಾತು. ಆದರೆ ಕೀಳರಿಮೆಯ ಕಾಯಿಲೆ ಒಂದೇ. ಚಿಕ್ಕ ಭಾಷೆಗೆ ಆ ಕಾಯಿಲೆ ಬೇಗ ಪ್ರಾಣಾಂತಿಕವಾಗುತ್ತದೆ.

"ಬ್ಯಾರಿಯಲ್ಲಿ ದೀನ್ ಎಲ್ಲಿ ಉಂಟು?" ಎನ್ನುವವರಿಗೆ ನಮ್ಮ ಮನೆಯ ಚರಿತ್ರೆಯೇ ಉತ್ತರ. ನಮ್ಮ ಹಿರಿಯರು ಮದ್ರಸದಲ್ಲಿ ಓದಿದ್ದು ಅರಬಿ-ಮಲಯಾಳಂ ಕಿತಾಬು. ಅಂದರೆ ಅರಬಿ ಅಕ್ಷರದಲ್ಲಿ ಬರೆದ ಜನರ ಮಾತು. ಕಲ್ಲಿಕೋಟೆಯ ಕಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ನಮ್ಮ ಉಮ್ಮಂದಿರು ಮಗ್ರಿಬ್ ಕಳೆದ ಮೇಲೆ ಕೂತು ಹಾಡುತ್ತಿದ್ದರು. ಬ್ಯಾರಿಗೆ ಅದು ಹತ್ತಿರದ ಮಾತು, ಹಾಗಾಗಿ ಎದೆಗೆ ತಾಗುತ್ತಿತ್ತು. ದೊಡ್ಡ ಆಲಿಮರೇ ಜನರ ಮಾತಿನಲ್ಲಿ ಬರೆಯಲು ನಾಚದಿದ್ದಾಗ ನಾವು ಮಾತಾಡಲು ಯಾಕೆ ನಾಚಬೇಕು? ಇವತ್ತಿಗೂ ಉಸ್ತಾದರು ಮಕ್ಕಳಿಗೆ ವುಝೂವಿನ ಫರ್ಳ್‌ಗಳನ್ನು ಬ್ಯಾರಿಯಲ್ಲಿ ಬಿಡಿಸಿ ಹೇಳಿದಾಗ ಮಗು ತಲೆಯಾಡಿಸುವ ರೀತಿಯೇ ಬೇರೆ.

ನಮ್ಮಲ್ಲಿ ಕೆಲಸ ಆಗಿಲ್ಲ ಎಂದಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ ಸಾಲಿನಲ್ಲಿ 'ಬ್ಯಾರಿ' ಸಿನಿಮಾಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೆಯಾಗಿ ಸಿಕ್ಕಿತು. ಕನ್ನಡ ಲಿಪಿಯಲ್ಲಿ ಬ್ಯಾರಿ ಕವನ, ಕಥೆ, ಹಾಡುಗಳು ಬರುತ್ತಾ ಇವೆ. ಭಾಷೆಗೆ ಹೊಸ ಲಿಪಿಯೂ ಬಂದಿದೆ. ಆ ಲಿಪಿಯ ಬಗ್ಗೆ ಪರ-ವಿರೋಧ ಚರ್ಚೆ ಇರಲಿ. ಶಹೀದುಲ್ಲಾರ ಲಿಪಿ ವಾದವನ್ನು ಎರಡೂ ಕಡೆಯವರು ಒಮ್ಮೆ ನೆನಪಿಸಿಕೊಂಡರೆ ಒಳ್ಳೆಯದು. ಯಾವ ಅಕ್ಷರವೇ ಆಗಲಿ, ಈಗಾಗಲೇ ಬರೆದಿಟ್ಟದ್ದನ್ನು ನಾಳಿನ ಮಗು ಓದುವಂತಿರಬೇಕು. ಅದಕ್ಕಿಂತ ಮೊದಲು ಆ ಮಗುವಿಗೆ ಮಾತು ಬರಬೇಕು! ಮನೆಯಲ್ಲಿ ಮಾತಾಡದ ಭಾಷೆಯನ್ನು ಯಾವ ಅಕಾಡೆಮಿಯೂ, ಯಾವ ಲಿಪಿಯೂ ಉಳಿಸಲಾರದು.

ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಗಲ್ಫ್‌ಗೆ ಹೋದವರಿಗೆ ಇಂಗ್ಲಿಷ್, ಅರಬಿ, ಹಿಂದಿ ಎಷ್ಟು ಬೇಕು ಎಂದು ಗೊತ್ತುಂಟು. ಉರ್ದು ಕಲಿಯಲಿ, ಅದೊಂದು ಭಂಡಾರ. ಕನ್ನಡವಂತೂ ನಾವು ಬರೆಯುವ ಭಾಷೆ, ಈ ನೆಲದ ಭಾಷೆ. ತುಳುವೂ ನಮ್ಮ ನಾಲಗೆಯಲ್ಲಿದೆ. ಶಹೀದುಲ್ಲಾರಿಗೆ ಹದಿನೆಂಟು ಭಾಷೆ ಬರುತ್ತಿತ್ತು ಎಂದು ಹೇಳುತ್ತಾರೆ. ಒಂದನ್ನು ಕಲಿಯಲು ಇನ್ನೊಂದನ್ನು ಹೊರಗೆ ಹಾಕಬೇಕಾದ ಅವಸ್ಥೆ ಅವರಿಗೆ ಬರಲಿಲ್ಲ. ಮಗುವಿನ ತಲೆ ಬಾಡಿಗೆ ಕೋಣೆ ಅಲ್ಲ ಮಾರಾಯ್ರೆ, ಒಬ್ಬರು ಬಿಟ್ಟರೆ ಮಾತ್ರ ಇನ್ನೊಬ್ಬರು ಬರಲಿಕ್ಕೆ.

ನನ್ನ ವಿನಂತಿ ಮೂರೇ. ಮೊದಲನೆಯದು, ಮನೆಯಲ್ಲಿ ಮಕ್ಕಳ ಹತ್ತಿರ ಬ್ಯಾರಿ ಮಾತಾಡಿ. ಎರಡನೆಯದು, ಜಮಾಅತ್‌ನವರು ಮದ್ರಸಗಳಲ್ಲಿ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ವಿವರಣೆ ಸಿಗುವಂತೆ ನೋಡಿಕೊಳ್ಳಲಿ. ಹೊರಜಿಲ್ಲೆಯ, ಹೊರರಾಜ್ಯದ ಉಸ್ತಾದರು ಬಂದಾಗ ಅವರಿಗೂ ಊರಿನ ಮಾತು ಕಲಿಯಲು ನಾವೇ ಸಹಾಯ ಮಾಡೋಣ. ಮೂರನೆಯದು ನಮ್ಮ ಕಾಲೇಜು ಮಕ್ಕಳಿಗೆ. ಎಲ್ಲರೂ ಇಂಜಿನಿಯರಿಂಗ್, ಕಾಮರ್ಸ್ ಎಂದು ಓಡಬೇಡಿ. ಕನ್ನಡ ಎಂ.ಎ., ಭಾಷಾಶಾಸ್ತ್ರ, ಮನಸ್ಸಿದ್ದರೆ ಸಂಸ್ಕೃತವನ್ನೂ ಓದಿ. ಯಾರಾದರೂ ಬೇಡ ಎಂದರೆ ಶಹೀದುಲ್ಲಾರ ಹೆಸರು ಹೇಳಿ. ರಜೆಯಲ್ಲಿ ಊರಿಗೆ ಬಂದಾಗ ಮೊಬೈಲ್ ತೆಗೆದು ಅಜ್ಜ-ಅಜ್ಜಿಯರ ಮಾತು ರೆಕಾರ್ಡ್ ಮಾಡಿಕೊಳ್ಳಿ. ದೋಣಿ, ಗದ್ದೆ, ಬೀಡಿ, ಅಡುಗೆ, ಬಾಣಂತನದ ಮಾತುಗಳು ಅವರ ಜೊತೆಯೇ ಕಬರ್‌ಗೆ ಹೋಗುತ್ತಾ ಉಂಟು.

ಆ ದಿನ ಹಾಲ್‌ನಲ್ಲಿ ಅಜ್ಜಿ ಏನು ಕೇಳಿದ್ದೆಂದು ಹುಡುಗನಿಗೆ ಯಾರೂ ಹೇಳಲಿಲ್ಲ. ಹತ್ತಿರ ಕೂತಿದ್ದ ನನಗೆ ಕೇಳಿಸಿತ್ತು. "ಊಟಕ್ಕೆ ಮೊದಲು ಬಿಸ್ಮಿ ಹೇಳಿದೆಯಾ ಮಗನೇ" ಎಂದು ಕೇಳಿದ್ದರು.